ಹಣೆಗಿಟ್ಟದ್ದು ಏನು?

ರಾಜರು ತಮ್ಮ ಚರಿತ್ರೆಯನ್ನು ಕಲ್ಲಿನ ಮೇಲೆ ಕೊರೆಸಿಟ್ಟರು. ಹೆಂಗಸರ ಚರಿತ್ರೆ ಬಹುಪಾಲು ಡಬ್ಬಿಗಳಲ್ಲಿ ಉಳಿಯಿತು. ಕುಂಕುಮದ ಭರಣಿ, ಕಾಡಿಗೆ ಡಬ್ಬಿ, ಸಾದಿನ ಕರಟ, ಆಮೇಲೆ ಬಂದ ಸ್ನೋ ಸೀಸೆ, ಪೌಡರ್ ಡಬ್ಬ, ಸ್ಟಿಕ್ಕರ್ ಹಾಳೆ, ಇವನ್ನು ಸಾಲಾಗಿ ಜೋಡಿಸಿದರೆ ನಮ್ಮ ಮನೆಗಳ ನೂರು ವರ್ಷದ ಕಥೆ ಗೊತ್ತಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಮುಖಕ್ಕೆ ಹಚ್ಚಿಕೊಂಡದ್ದು ಎಲ್ಲಿಂದ ಬಂತು, ಅದರಲ್ಲಿ ಏನಿತ್ತು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಬರೀ ಅಲಂಕಾರದ ಕಥೆಯಲ್ಲ. ಹುಡುಕಲು ಹೊರಟದ್ದಕ್ಕೆ ಕಾರಣ ನನ್ನ ಚಿಕ್ಕಮ್ಮನ ಮಗಳ ಹಣೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಮೊದಲು ಮೇಲುಕೋಟೆ. ಪಾಂಡವಪುರ ತಾಲ್ಲೂಕಿನ ಈ ಬೆಟ್ಟದ ಊರಿನಲ್ಲಿ ಬಿಳಿಯ ಮಣ್ಣು ಸಿಗುತ್ತದೆ. ನಾಮಕ್ಕೆ ಬೇಕಾದ ತಿರುಮಣ್ಣು ಮುಗಿದುಹೋಗಿ ಚಿಂತೆಯಲ್ಲಿದ್ದ ರಾಮಾನುಜಾಚಾರ್ಯರಿಗೆ ಕನಸಿನಲ್ಲಿ ದೇವರೇ ಈ ಮಣ್ಣಿನ ಜಾಗ ತೋರಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ನಾಮದ ಬಿಳಿ ನೆಲದಿಂದ ಬಂತು, ನಡುವಿನ ಕೆಂಪು ಅರಿಶಿನದಿಂದ. ಅರಿಶಿನ ಕೆಂಪಾಗುವ ಗುಟ್ಟು ನಮಗೆ ಹೊಸದಲ್ಲ. ಮದುಮಕ್ಕಳಿಗೆ ಆರತಿ ಎತ್ತುವಾಗ ಅರಿಶಿನದ ನೀರಿಗೆ ಒಂದು ಚೂರು ಸುಣ್ಣ ಹಾಕಿದರೆ ತಟ್ಟೆಯೆಲ್ಲ ರಕ್ತಗೆಂಪಾಗುತ್ತದಲ್ಲ, ಅದೇ. ಅರಿಶಿನದ ಬಣ್ಣದ ಅಂಶ ಕ್ಷಾರ ತಾಕಿದರೆ ಕೆಂಪಿಗೆ ತಿರುಗುತ್ತದೆ. ಬಿಳಿಗಾರ, ನಿಂಬೆರಸ ಹಾಕಿ ಅರಿಶಿನದ ಕೊಂಬನ್ನು ಕೆಂಪು ಮಾಡುವ ಇನ್ನೊಂದು ಕ್ರಮವೂ ಉಂಟು. ಹಳೆಯ ಕುಂಕುಮವೆಂದರೆ ಇಷ್ಟೇ.

ಸಿಂಗಾರ ನಮ್ಮವರಿಗೆ ಹೊಸ ಹುಚ್ಚೇನಲ್ಲ. ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಅಡುಗೆ, ಬಾವಿ, ಮದ್ದುಗಳ ಜೊತೆಗೆ ಪರಿಮಳದ್ರವ್ಯಗಳಿಗೂ ಜಾಗವಿದೆ. ಅಂದರೆ ಮೈಗೆ ಏನು ಹಚ್ಚಿಕೊಳ್ಳಬೇಕು ಎಂಬುದನ್ನು ಆ ಕಾಲದ ವಿದ್ವಾಂಸರು ಕ್ಷುಲ್ಲಕ ವಿಷಯವೆಂದು ತಳ್ಳಿಹಾಕಲಿಲ್ಲ. ಬೇಲೂರಿನ ದರ್ಪಣಸುಂದರಿಯನ್ನಂತೂ ಹೇಳುವುದೇ ಬೇಡ. ಕನ್ನಡಿ ಹಿಡಿದು ನಿಂತ ಹೆಣ್ಣನ್ನು ದೇವಸ್ಥಾನದಲ್ಲೇ ನಿಲ್ಲಿಸಿದ ನಾಡು ಇದು.

ನಮ್ಮಜ್ಜಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸಾದು ಮಾಡುವುದು, ಕಾಡಿಗೆ ಹಿಡಿಯುವುದು. ಸಬ್ಬಕ್ಕಿಯನ್ನು ಕರ್ರಗೆ ಇದ್ದಲಾಗುವಷ್ಟು ಹುರಿದು, ನೀರು ಹಾಕಿ ಕುದಿಸಿ, ಅಂಟಾದ ಮೇಲೆ ತೆಂಗಿನ ಕರಟಕ್ಕೆ ಹೊಯ್ದು ಒಣಗಿಸುತ್ತಿದ್ದಳು. ಬೇಕಾದಾಗ ಒಂದು ಹನಿ ನೀರು ಬಿಟ್ಟು ಬೆರಳಲ್ಲಿ ಉಜ್ಜಿದರೆ ಮಿರಮಿರ ಮಿಂಚುವ ಕಪ್ಪು ಬೊಟ್ಟು. ಕಾಡಿಗೆಗೆ ಹೊನಗೊನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ಅದ್ದಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚುತ್ತಿದ್ದಳು. ಬೆಳಗ್ಗೆ ಮಸಿ ಕೆರೆದು ತುಪ್ಪದಲ್ಲಿ ಕಲಸಿದರೆ ಮುಗಿಯಿತು. ಅಜ್ಜಿ ಚಿಕ್ಕವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ತನ್ನ ಹಣೆಗೆ ಏನೂ ಇಡದೆ ಕೇರಿಯ ಮಕ್ಕಳ ಹಣೆಗೆಲ್ಲ ಸಾದು ಇಟ್ಟಳು. ‘ಯಾಕಜ್ಜಿ, ಅಂಗಡೀಲಿ ಸಿಕ್ಕಲ್ವಾ?’ ಎಂದರೆ, ‘ಸಿಕ್ತದೆ ಕಣ್ ಮಗ. ಅದ್ರೊಳಗೆ ಏನ್ ಹಾಕವ್ರೆ ಅಂತ ಯಾರ್ನ ಕೇಳಾನೆ?’ ಎನ್ನುತ್ತಿದ್ದಳು.

ಹಾಗೆಂದು ಹಳೆಯದೆಲ್ಲ ಅಮೃತವಾಗಿತ್ತು ಎಂದರೆ ಸುಳ್ಳಾದೀತು. ಗ್ರಂಥಿಗೆ ಅಂಗಡಿಯ ಪೊಟ್ಟಣಗಳಲ್ಲಿ ಇಂಗಳೀಕವೂ ಇತ್ತು, ಅರದಾಳವೂ ಇತ್ತು. ಇಂಗಳೀಕವೆಂದರೆ ಪಾದರಸ ಮತ್ತು ಗಂಧಕ, ಅರದಾಳವೆಂದರೆ ಪಾಷಾಣ ಮತ್ತು ಗಂಧಕ. ಎರಡೂ ನೆಲದಿಂದ ಅಗೆದು ತೆಗೆದ, ಅಪ್ಪಟ ನೈಸರ್ಗಿಕ ವಸ್ತುಗಳೇ. ಕೇರಳದ ಕಥಕ್ಕಳಿಯ ಮುಖವರ್ಣಿಕೆಗೆ ಇವೇ ಕೆಂಪು, ಹಳದಿ. ಕಣ್ಣಿಗೆ ಹಚ್ಚುವ ಸುರ್ಮಾ ಬಹಳ ಕಡೆ ಸೀಸದ ಅದಿರಿನ ಪುಡಿ. ಸಮುದ್ರದಾಚೆಯೂ ಹೀಗೆಯೇ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬಿಡಾರ ಹೂಡಿದ್ದರಿಂದ. ಆ ಸಿಪಾಯಿಗಳ ದೇಶದ ಶ್ರೀಮಂತ ಹೆಂಗಸರು ಆಗ ಮುಖಕ್ಕೆ ಬಳಿದುಕೊಳ್ಳುತ್ತಿದ್ದದ್ದು ಸೀಸದಿಂದ ಮಾಡಿದ ಬಿಳಿ ಬಣ್ಣ. ಚರ್ಮ ಕೆಡುತ್ತಿತ್ತು. ಕೆಟ್ಟ ಚರ್ಮವನ್ನು ಮುಚ್ಚಲು ಇನ್ನಷ್ಟು ಬಳಿಯುತ್ತಿದ್ದರು. ಬಿಳಿಯಾಗುವ ಹುಚ್ಚಿಗೆ ಬಿಳಿಯರೂ ಹೊರತಾಗಿರಲಿಲ್ಲ.

ಅಂಗಡಿಯ ಯುಗ ನಮ್ಮಲ್ಲಿ ಗಂಧದ ಪರಿಮಳದೊಂದಿಗೆ ಶುರುವಾಯಿತು. ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಟಿಪ್ಪು 1792ರಲ್ಲಿ ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದ. ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದು. ಮುಂದೆ ಒಡೆಯರ ಸಂಸ್ಥಾನದಲ್ಲೂ ಅದೇ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಕೊರಡು ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲೇ ತೆಗೆಯತೊಡಗಿದರು. ಅದರ ಹಿಂದೆಯೇ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಸೀಗೆಕಾಯಿ, ಕಡಲೆಹಿಟ್ಟಿನ ಬಚ್ಚಲಿಗೆ ಮೊಟ್ಟಮೊದಲು ಕಾಗದದ ಹೊದಿಕೆಯ ವಸ್ತು ಕಾಲಿಟ್ಟದ್ದು ಹೀಗೆ. 1952ರಲ್ಲಿ ಟಾಟಾ ಕಂಪನಿ ಲ್ಯಾಕ್ಮೆ ಶುರುಮಾಡಿತು. ಹೆಸರು ಫ್ರೆಂಚ್ ಆದರೂ ಅದು ನಮ್ಮ ಲಕ್ಷ್ಮಿಯೇ. 1975ರಲ್ಲಿ ಮುಖ ಬೆಳ್ಳಗೆ ಮಾಡುವ ಕ್ರೀಮಿನ ಟ್ಯೂಬೂ ಬಂತು. ಅದರ ಹೆಸರಿನಲ್ಲಿದ್ದ ‘ಫೇರ್’ ಎಂಬ ಮಾತು ಹೋಗಲು 2020ರವರೆಗೆ ಕಾಯಬೇಕಾಯಿತು.

ಅಜ್ಜಿಯ ‘ಯಾರ್ನ ಕೇಳಾನೆ’ ಎಂಬ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಲು ಪ್ರಯತ್ನಿಸಿದ್ದು 1962ರಲ್ಲಿ. 1940ರ ಔಷಧ ಕಾಯಿದೆಯೊಳಗೆ ಆ ವರ್ಷ ಪ್ರಸಾಧನ ಸಾಮಗ್ರಿಗಳನ್ನೂ ಸೇರಿಸಿದರು. ಬಣ್ಣಕ್ಕಾಗಿ ಸೀಸದ ಅಥವಾ ಪಾಷಾಣದ ಸಂಯುಕ್ತ ಸೇರಿಸುವಂತಿಲ್ಲ ಎಂದು ನಿಯಮವಾಯಿತು. ಒಳ್ಳೆಯದೇ. ಆದರೆ ಜಾತ್ರೆಯ ಬಳೆಮಲಾರದಲ್ಲಿ, ಸಂತೆಯ ತಟ್ಟಿಯಲ್ಲಿ, ಹೆಸರೂ ವಿಳಾಸವೂ ಇಲ್ಲದ ಡಬ್ಬಿಗೆ ಯಾವ ನಿಯಮ?

ಈಗ ಚಿಕ್ಕಮ್ಮನ ಮಗಳ ಹಣೆಗೆ ಬರುತ್ತೇನೆ. ಅವಳಿಗೆ ಹತ್ತೊಂಬತ್ತು ವರ್ಷ, ಕೆ.ಆರ್. ಪೇಟೆಯಲ್ಲಿ ಓದುತ್ತಿದ್ದಳು. ಎಲ್ಲ ಹುಡುಗಿಯರಂತೆ ದಿನಾ ಸ್ಟಿಕ್ಕರ್ ಇಡುತ್ತಿದ್ದಳು. ಅಳಿಸುವುದಿಲ್ಲ, ಬೆವರಿಗೆ ಇಳಿಯುವುದಿಲ್ಲ, ಸೀರೆಗೊಂದು ಬಣ್ಣ. ಒಂದು ದಿನ ಹುಬ್ಬಿನ ನಡುವೆ ಕಡಲೆಕಾಳಿನಷ್ಟು ಜಾಗ ಬೆಳ್ಳಗಾಗಿತ್ತು. ಚಿಕ್ಕಮ್ಮ ಅದರ ಮೇಲೆ ಇನ್ನೂ ದೊಡ್ಡ ಸ್ಟಿಕ್ಕರ್ ಅಂಟಿಸಿದಳು. ಬಿಳಿ ಇನ್ನೂ ಹರಡಿತು. ನೋಡಲು ಬಂದ ನಾಗಮಂಗಲದ ಕಡೆಯ ಗಂಡಿನವರು ಕಾಫಿ ಕುಡಿದು ಹೋದವರು ತಿರುಗಿ ಹೇಳಿಕಳುಹಿಸಲಿಲ್ಲ. ‘ಹುಡುಗಿಗೆ ತೊನ್ನಂತೆ’ ಎಂಬ ಪಿಸುಮಾತು ಮಾತ್ರ ಅವರಿಗಿಂತ ಮುಂಚೆ ಊರು ತಲುಪಿತ್ತು. ಸ್ಟಿಕ್ಕರ್ ಬಿಡೋಣವೆಂದರೆ ಮನೆಯಲ್ಲಿ ‘ಬರೀ ಹಣೆಯಲ್ಲಿ ಇರ್ತೀಯಾ?’ ಎಂಬ ಕೂಗು.

ಕೊನೆಗೆ ಮೈಸೂರಿನ ಚರ್ಮವೈದ್ಯರೊಬ್ಬರು ನೋಡಿದ ಕೂಡಲೇ ಹೇಳಿದರು: ಇದು ತೊನ್ನಲ್ಲ, ಅಂಟಿನ ಕೆಲಸ. ಕೆಲವು ಸ್ಟಿಕ್ಕರುಗಳ ಗೋಂದಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಅದು ಕೊಲ್ಲುತ್ತದೆ. ಅಲಹಾಬಾದಿನ ವೈದ್ಯರು 1990ರಲ್ಲೇ ಇದನ್ನು ವೈದ್ಯ ಪತ್ರಿಕೆಯಲ್ಲಿ ಬರೆದಿದ್ದರು. ಆ ಪತ್ರಿಕೆಯನ್ನು ನಮ್ಮ ಚಿಕ್ಕಮ್ಮ ಓದುವುದುಂಟೆ? ಸ್ಟಿಕ್ಕರ್ ನಿಲ್ಲಿಸಿ, ಔಷಧಿ ಹಚ್ಚಿ, ವರ್ಷದೊಳಗೆ ಬಹುಮಟ್ಟಿಗೆ ಬಣ್ಣ ತುಂಬಿಕೊಂಡಿತು. ಎಲ್ಲರಿಗೂ ಹೀಗೆ ವಾಸಿಯಾಗುವುದಿಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ವೈದ್ಯರು. ಹರಡಿದ ಪಿಸುಮಾತಿಗೆ ಮಾತ್ರ ಅವರ ಬಳಿ ಔಷಧಿ ಇರಲಿಲ್ಲ. ನಿಜವಾದ ತೊನ್ನೇ ಆಗಿದ್ದರೂ ಅದು ಅಂಟುರೋಗವಲ್ಲ, ಹುಡುಗಿಯನ್ನು ಬಿಟ್ಟುಹೋಗಲು ಕಾರಣವೂ ಅಲ್ಲ ಎಂದು ನಾವು ಯಾರೂ ಗಟ್ಟಿಯಾಗಿ ಹೇಳಲಿಲ್ಲವೆಂಬುದು ಬೇರೆ ಮಾತು.

ಅಂಟಿಗಿಂತ ಕೆಟ್ಟದ್ದು ಪಾದರಸ. ಬಿಳಿಯಾಗಿಸುವ ಕೆಲವು ಹೆಸರಿಲ್ಲದ ಕ್ರೀಮುಗಳಲ್ಲಿ ಅದು ಇರುತ್ತದೆ, ಮುಖದಿಂದ ಇಳಿದು ಮೂತ್ರಪಿಂಡಕ್ಕೆ ಹೋಗುತ್ತದೆ. ಕೇರಳದ ಕೋಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಜನರನ್ನು ನೋಡಿದರು. ಅವರಲ್ಲಿ 15 ಜನರಿಗೆ ಇದ್ದದ್ದು ಅಪರೂಪದ ಒಂದು ಪ್ರಭೇದ. ಆ 15 ಜನರಲ್ಲಿ 13 ಮಂದಿ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದವರು. ಸೀಸದ ಕಥೆಯೂ ಮುಗಿದಿಲ್ಲ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ಅಲ್ಲಿಂದಲೂ ಭಾರತದಿಂದಲೂ ಕೊಂಡ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಹತ್ತರಲ್ಲಿ ಎಂಟರಲ್ಲಿ ಸೀಸವಿತ್ತು. ಸೀಸ ಬಸುರಿಯಿಂದ ಮಗುವಿಗೂ ಹೋಗುತ್ತದೆ, ತಾಯಿಯ ಹಣೆ ಮುಟ್ಟಿ ಬೆರಳು ಚೀಪುವ ಕೂಸಿನ ಹೊಟ್ಟೆಗೂ ಹೋಗುತ್ತದೆ. ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಪಾದರಸ ಸೇರಿಸಿದ ಪ್ರಸಾಧನಗಳು 2025ರೊಳಗೆ ನಿಲ್ಲಬೇಕೆಂದು ಅದರ ಸದಸ್ಯ ದೇಶಗಳು 2023ರಲ್ಲಿ ತೀರ್ಮಾನಿಸಿದವು. ತೀರ್ಮಾನ ಸಂತೆಗೆ ತಲುಪಬೇಕಷ್ಟೆ.

ಇಷ್ಟೆಲ್ಲ ತಿಳಿದ ಮೇಲೆ ನಾವು ಅಕ್ಕತಂಗಿಯರು ಒಂದೊಂದಾಗಿ ಬದಲಾಯಿಸಿಕೊಂಡೆವು. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ಗೊತ್ತಾಗುವುದಿಲ್ಲ. ಸ್ಟಿಕ್ಕರಿನ ಜಾಗಕ್ಕೆ ಜೇನುಮೇಣ ಬಂತು. ಹಳೆಯ ಕಾಲದವರಂತೆ ಸಾಸಿವೆ ಕಾಳಿನಷ್ಟು ಮೇಣ ಒತ್ತಿ, ಅದರ ಮೇಲೆ ಕುಂಕುಮ ಇಟ್ಟರೆ ಶ್ರೀರಂಗಪಟ್ಟಣದಿಂದ ಮೈಸೂರಿಗೆ ನಿಂತುಕೊಂಡೇ ಬಸ್ಸಿನಲ್ಲಿ ಹೋಗಿ ಬಂದರೂ ಅಲುಗುವುದಿಲ್ಲ. ಕುಂಕುಮವನ್ನು ಮನೆಯಲ್ಲೇ ಮಾಡುತ್ತೇವೆ. ಸುಣ್ಣ ಚಿಟಿಕೆಯಷ್ಟೇ ಇರಬೇಕು, ಜಾಸ್ತಿಯಾದರೆ ಹಣೆ ಉರಿಯುತ್ತದೆ. ಅಂಗಡಿಯದಾದರೆ ನಿಂಬೆರಸದ ಒಂದು ಹನಿ ಹಾಕಿ ನೋಡಿ. ಸುಣ್ಣದಿಂದ ಕೆಂಪಾದ ಅರಿಶಿನ ಮತ್ತೆ ಹಳದಿಗೆ ತಿರುಗುತ್ತದೆ. ಬಿಳಿಗಾರ ಹಾಕಿದ್ದು ತಿರುಗುವುದಿಲ್ಲ, ಬೇರೆ ಬಣ್ಣ ಬೆರೆಸಿದ್ದೂ ತಿರುಗುವುದಿಲ್ಲ. ಆದ್ದರಿಂದ ತಿರುಗಿದರೆ ನಂಬಬಹುದು, ತಿರುಗದಿದ್ದರೆ ಮಾರಿದವರನ್ನು ಕೇಳಬೇಕು. ಅರಿಶಿನವನ್ನೂ ಕೊಂಬು ಕೊಂಡು ಪುಡಿ ಮಾಡಿಸುವುದು ಮೇಲು. ಪುಡಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ದುಷ್ಟರೂ ಇದ್ದಾರೆ.

ತುಟಿಗೆ ಬೀಟ್ರೂಟ್ ರಸ ಹಚ್ಚಿ ನೋಡಿದೆವು. ಕಾಫಿ ಕುಡಿಯುವಷ್ಟರಲ್ಲಿ ಹೋಯಿತು. ಮದುವೆಮನೆಗೆ ಹೋಗಲು ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಕೊನೆಯ ದಿನಾಂಕ ನಾಲ್ಕೂ ಇರುವ ಲಿಪ್‌ಸ್ಟಿಕ್ಕೇ ಸರಿ ಎಂದು ಒಪ್ಪಿಕೊಂಡೆವು. ಬಿಸಿಲಿಗೆ ಝಿಂಕ್ ಆಕ್ಸೈಡ್ ಇರುವ ಕ್ರೀಮು, ಅದು ಹಚ್ಚಿದಾಗ ಸ್ವಲ್ಪ ಬೆಳ್ಳಗೆ ಕಂಡರೂ ಸರಿ. ಕೈಗೆ ಮದರಂಗಿಯ ಎಲೆ ಅರೆದದ್ದು. ಗಂಟೆಯೊಳಗೆ ಕರ್ರಗಾಗುವ ‘ಕಪ್ಪು ಮೆಹೆಂದಿ’ಯಲ್ಲಿ ತಲೆಗೆ ಹಚ್ಚುವ ಡೈಯ ರಾಸಾಯನಿಕವಿರುತ್ತದೆ, ಕೈ ಬೊಬ್ಬೆ ಏಳುತ್ತದೆ. ಹೊಸದೇನು ತಂದರೂ ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯುತ್ತೇವೆ. ಕೂಸುಗಳ ಕಣ್ಣಿಗೆ ಮನೆಯ ಕಾಡಿಗೆಯೂ ಬೇಡವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅಜ್ಜಿ ಇದ್ದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳೇನೊ. ಕೆನ್ನೆಗೆ ಸಾದಿನ ದೃಷ್ಟಿಬೊಟ್ಟು ಇಟ್ಟರೆ ದೃಷ್ಟಿಯೂ ತಾಗುವುದಿಲ್ಲ, ಕಣ್ಣೂ ಕೆಡುವುದಿಲ್ಲ.

ಹಳೆಯದು ಒಳ್ಳೆಯದು, ಹೊಸದು ಕೆಟ್ಟದ್ದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಂಗಳೀಕ ಹಳೆಯದು, ಝಿಂಕ್ ಕ್ರೀಮು ಹೊಸದು. ‘ಹರ್ಬಲ್’ ಎಂದು ಹಸಿರು ಎಲೆಯ ಚಿತ್ರ ಹಾಕಿದ ಮಾತ್ರಕ್ಕೆ ಡಬ್ಬಿಯ ಒಳಗಿನದು ಬದಲಾಗುವುದಿಲ್ಲ. ಒಳಗೆ ಏನಿದೆ ಎಂದು ಹೇಳಬಲ್ಲವರಿಂದ ಕೊಳ್ಳುವುದು, ಹೇಳಲಾರದವರಿಂದ ಕೊಳ್ಳದಿರುವುದು, ಇದೊಂದೇ ಲೆಕ್ಕ.

ಚಿಕ್ಕಮ್ಮನ ಮಗಳು ಈಗ ಶ್ರೀರಂಗಪಟ್ಟಣದಲ್ಲಿದ್ದಾಳೆ. ಅಂಗಡಿಯವನು ಡಬ್ಬಿ ಮುಂದಿಟ್ಟರೆ ಅವಳು ಮುಚ್ಚಳ ತೆಗೆಯುವುದಿಲ್ಲ. ತಿರುಗಿಸಿ ಹಿಂಭಾಗ ಓದುತ್ತಾಳೆ. ಅಕ್ಷರ ಸಣ್ಣದಾದರೆ ಪಕ್ಕದಲ್ಲಿ ನಿಂತ ಮಗಳ ಕೈಗೆ ಕೊಟ್ಟು ಓದಿಸುತ್ತಾಳೆ. ಅಂಗಡಿಯವನು ಗೊಣಗುತ್ತಾನೆ, ಗೊಣಗಲಿ. ಹಣೆ ಅವನದಲ್ಲವಲ್ಲ.