ಹಾಲೇರಿ ರಾಜಮನೆತನದ ಅವಸಾನ

ರಾಜ್ಯಗಳು ಹೊರಗಣ ಶತ್ರುವಿನ ಪರಾಕ್ರಮದಿಂದ ಕೆಡುವುದಕ್ಕಿಂತಲೂ ಒಳಗಣ ಅನ್ಯಾಯದಿಂದ ಕೆಡುವುದೇ ಹೆಚ್ಚೆಂಬುದಕ್ಕೆ ಚರಿತ್ರೆಯಲ್ಲಿ ದೃಷ್ಟಾಂತಗಳು ಬಹಳವಾಗಿರುವುವು. ಅವುಗಳಲ್ಲಿ ಕೊಡಗಿನ ಹಾಲೇರಿ ಮನೆತನದ ವೃತ್ತಾಂತವು ಭಕ್ತಜನರಿಗೆ ವಿಶೇಷವಾಗಿ ಮನನಯೋಗ್ಯವಾದುದು. ಆ ಅರಸರು ಲಿಂಗಧಾರಿಗಳು. ಇಕ್ಕೇರಿಯ ನಾಯಕರ ಸಂಬಂಧಿಗಳು. ಸ್ವಮತದವರ ಕೀರ್ತಿಯನ್ನು ಹೇಳಿಕೊಳ್ಳುವಂತೆಯೇ ಅವರ ಅಪಕೀರ್ತಿಯನ್ನೂ ನಿಷ್ಪಕ್ಷಪಾತವಾಗಿ ಪರಿಶೀಲಿಸುವುದು ಚರಿತ್ರೆಯ ಧರ್ಮವು.

ಸುಮಾರು 1600ರಲ್ಲಿ ಈ ವಂಶದ ಮೂಲಪುರುಷನು ಜಂಗಮವೇಷದಿಂದ ಹಾಲೇರಿಗೆ ಬಂದು ನೆಲಸಿದನೆಂದು ಐತಿಹ್ಯವುಂಟು. ಸುತ್ತಣ ಜನರು ಅವನ ವೇಷವನ್ನೂ ನಡತೆಯನ್ನೂ ಗೌರವಿಸಿ ಕಾಣಿಕೆಯಾಗಿ ಧಾನ್ಯವನ್ನು ಒಪ್ಪಿಸುತ್ತಿದ್ದರು; ಕಾಣಿಕೆಯು ಕ್ರಮೇಣ ತೆರಿಗೆಯಾಯಿತು, ಗುರುಭಾವದಿಂದ ಕಂಡವನು ದೊರೆಯಾದನು. ಹೀಗೆ ಆ ರಾಜ್ಯವು ಜನರ ನಂಬಿಕೆಯಿಂದಲೇ ಹುಟ್ಟಿತು. ಮುದ್ದುರಾಜನು 1681ರಲ್ಲಿ ಮಡಿಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಮೇಲೆ ವಂಶವು ಪ್ರಬಲವಾಯಿತು.

ದೊಡ್ಡ ವೀರರಾಜೇಂದ್ರನು ಈ ವಂಶದ ಅತ್ಯಂತ ಪ್ರಸಿದ್ಧನಾದ ಅರಸನು. ಟಿಪ್ಪೂ ಸುಲ್ತಾನನ ಸೆರೆಯಿಂದ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು, ಜನರನ್ನು ಕೂಡಿಸಿ, ಕಳೆದುಹೋದ ನಾಡನ್ನು ಮರಳಿ ಪಡೆದನು. 1790ರಲ್ಲಿ ಆಂಗ್ಲರ ಕುಂಪಣಿಯೊಡನೆ ಒಪ್ಪಂದವನ್ನು ಮಾಡಿಕೊಂಡನು. ಇಂತಹ ಧೀರನಿಗೂ ಕೊನೆಗಾಲದಲ್ಲಿ ಸಂಶಯವೆಂಬ ರೋಗವು ಹಿಡಿಯಿತು. ಪಟ್ಟದ ರಾಣಿ ಮಹದೇವಮ್ಮಾಜಿಯು 1807ರಲ್ಲಿ ತೀರಿಕೊಂಡ ಬಳಿಕ ತನ್ನ ಪರಿವಾರದವರನ್ನೇ ನಂಬದೆ ಅನೇಕರನ್ನು ಕೊಲ್ಲಿಸಿದನು. ಗಂಡುಸಂತಾನವಿಲ್ಲದ ಕಾರಣ ಹಿರಿಯ ಮಗಳಾದ ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಗೊತ್ತುಮಾಡಿ 1809ರಲ್ಲಿ ಕಾಲವಾದನು.

ಅನರ್ಥಕ್ಕೆ ನಿಜವಾದ ಬಾಗಿಲು ತೆರೆದುದು ಇಲ್ಲಿಯೇ. ಬಾಲೆಯಾದ ರಾಣಿಯ ಹೆಸರಿನಲ್ಲಿ ರಾಜ್ಯವನ್ನು ನೋಡಿಕೊಳ್ಳಬೇಕಾಗಿದ್ದ ಚಿಕ್ಕಪ್ಪ ಲಿಂಗರಾಜನು 1811ರಲ್ಲಿ ಅವಳನ್ನು ಬದಿಗೊತ್ತಿ ತಾನೇ ಅರಸನೆಂದು ಸಾರಿದನು. ದೇವಮ್ಮಾಜಿಯ ಹಕ್ಕನ್ನು ಮೊದಲು ಒಪ್ಪಿಕೊಂಡಿದ್ದ ಕುಂಪಣಿಯವರು ಇದನ್ನು ಕಂಡೂ ಅಡ್ಡಿಮಾಡಲಿಲ್ಲ. ಲಿಂಗರಾಜನು ಆಡಳಿತದಲ್ಲಿ ಸಮರ್ಥನೇ. ಭೂಮಿಯನ್ನು ಅಳತೆಮಾಡಿಸಿ ಕಂದಾಯವನ್ನು ಕ್ರಮಪಡಿಸಿದನು. ಆದರೆ ಕಾವಲಿಗೆ ನಿಂತವನೇ ಒಡವೆಯನ್ನು ತೆಗೆದುಕೊಂಡ ಮೇಲೆ ಆ ಮನೆಯಲ್ಲಿ ಯಾರ ಹಕ್ಕಿಗೆ ಭದ್ರತೆಯಿದ್ದೀತು? ಮಡಿಕೇರಿಯಲ್ಲಿ 1820ರಲ್ಲಿ ಪೂರ್ತಿಯಾದ ಓಂಕಾರೇಶ್ವರ ದೇವಾಲಯವನ್ನು ಅವನು ಒಬ್ಬ ಬ್ರಾಹ್ಮಣನ ಕೊಲೆಯ ದೋಷಪರಿಹಾರಕ್ಕಾಗಿ ಕಟ್ಟಿಸಿದನೆಂದು ಜನರು ಹೇಳುವರು. ದೇವಾಲಯವು ನಿಂತಿತು, ಮನೆಯೊಳಗಿನ ಅನ್ಯಾಯವೂ ನಿಂತೇ ಇದ್ದಿತು.

ಅದೇ ವರ್ಷ ಪಟ್ಟಕ್ಕೆ ಬಂದ ಅವನ ಮಗ ಚಿಕ್ಕ ವೀರರಾಜೇಂದ್ರನಿಗೆ ಸಿಂಹಾಸನದ ಜೊತೆಗೆ ತಂದೆಯ ಭಯವೂ ಪಿತ್ರಾರ್ಜಿತವಾಗಿ ಬಂದಿತು. ಕಸಿದುಕೊಂಡ ಪದವಿಗೆ ನ್ಯಾಯವಾದ ಬಾಧ್ಯಸ್ಥರು ಬದುಕಿರುವವರೆಗೆ ನಿದ್ರೆಯಿಲ್ಲ. ದೇವಮ್ಮಾಜಿಯೂ ಅವಳ ಕಡೆಯವರೂ ಕೊಲೆಗೆ ಗುರಿಯಾದರು. ಅರಸನ ಸ್ವಂತ ತಂಗಿಯೂ ಅವಳ ಗಂಡ ಚೆನ್ನಬಸಪ್ಪನೂ 1832ರಲ್ಲಿ ಪ್ರಾಣಭೀತಿಯಿಂದ ಮೈಸೂರು ಸೀಮೆಗೆ ಓಡಿಹೋಗಿ ಆಂಗ್ಲರ ಮರೆಹೊಕ್ಕರು. ಅರಮನೆಯ ಊಳಿಗದಿಂದ ಮೇಲಕ್ಕೇರಿದ ಕುಂಟ ಬಸವನು ದಿವಾನನಾದನು. ಕೆಳಗಿನಿಂದ ಮೇಲಕ್ಕೆ ಬಂದುದು ಅವನ ದೋಷವಲ್ಲ, ಶರಣರ ಮಾರ್ಗದಲ್ಲಿ ಅದು ದೋಷವೆನಿಸದು. ಒಬ್ಬನ ಇಷ್ಟವನ್ನು ನಡೆಯಿಸುವುದೇ ಅವನ ಅಧಿಕಾರದ ಏಕಮಾತ್ರ ಆಧಾರವಾಗಿದ್ದುದು ದೋಷವು. ಒಡೆಯನಿಗೆ ಬುದ್ಧಿ ಹೇಳಬಲ್ಲ ಹಿರಿಯರು ಹೆದರಿ ಸುಮ್ಮನಾದರು.

ಈ ದೊರೆಯ ಕ್ರೌರ್ಯವನ್ನು ಬಣ್ಣಿಸಿದವರಲ್ಲಿ ಅನೇಕರು ರಾಜ್ಯವನ್ನು ಕೊಂಡವರ ಪಕ್ಷದವರು. ಆದುದರಿಂದ ಅವರ ಮಾತುಗಳನ್ನು ತೂಗಿಯೇ ಸ್ವೀಕರಿಸಬೇಕು. ಆದರೂ ಮುಂದೆ ನಡೆದುದೇ ಸಾಕ್ಷಿಯಾಗಿದೆ. 1834ರ ಏಪ್ರಿಲಿನಲ್ಲಿ ಕುಂಪಣಿಯ ಸೈನ್ಯವು ನಾಲ್ಕು ಕಡೆಗಳಿಂದ ನುಗ್ಗಿದಾಗ ಉತ್ತರದ ದಂಡನ್ನು ಕೊಡಗಿನ ವೀರರು ಸೋಲಿಸಿ ಹಿಮ್ಮೆಟ್ಟಿಸಿದರು, ಶೌರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ದಿವಾನನಾದ ಅಪ್ಪಾರಂಡ ಬೋಪುವೇ ಕರ್ನಲ್ ಫ್ರೇಸರನ ದಂಡನ್ನು ಎದುರುಗೊಂಡು ಮಡಿಕೇರಿಗೆ ಕರೆತಂದನು. ಏಪ್ರಿಲ್ 6ರಂದು ಕೋಟೆಯ ಮೇಲೆ ಪರಕೀಯರ ಬಾವುಟವೇರಿತು. ನಾಲ್ಕು ದಿನಗಳಲ್ಲಿ ಅರಸನು ಶರಣಾಗತನಾದನು. ಮೇ 7ರಂದು ಕೊಡಗು ಕುಂಪಣಿಯ ವಶವಾಯಿತೆಂಬ ಪ್ರಕಟನೆಯು ಹೊರಟಿತು.

ಪ್ರಜೆಗಳ ಇಚ್ಛೆಯಂತೆಯೇ ಈ ಕಾರ್ಯವಾಯಿತೆಂದು ಗೆದ್ದವರು ಸಾರಿದರು. ಆದರೆ ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರಸುಳ್ಯದ ರೈತರು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂಬ ಹೆಸರನ್ನು ಮುಂದಿಟ್ಟುಕೊಂಡು ದಂಗೆಯೆದ್ದು ಮಂಗಳೂರಿನವರೆಗೂ ನಡೆದರು. ಕಂದಾಯವನ್ನು ಧಾನ್ಯದ ಬದಲು ಹಣದಲ್ಲಿಯೇ ಸಲ್ಲಿಸಬೇಕೆಂಬ ನಿರ್ಬಂಧವು ಅವರನ್ನು ನೋಯಿಸಿತ್ತು. ದುಷ್ಟನಾದ ದೊರೆಯನ್ನು ಕಳೆದುಕೊಂಡ ಜನರು ಅವನೊಡನೆ ತಮ್ಮ ಸ್ವಾತಂತ್ರ್ಯವನ್ನೂ ಕಳೆದುಕೊಂಡಿದ್ದರು. ಮನೆಯೊಡೆಯನ ಪಾಪಕ್ಕೆ ಮನೆಯವರೆಲ್ಲರೂ ತೆರವೇಕಾದ ದಂಡವು ಅದಾಗಿದ್ದಿತು.

ರಾಜ್ಯಭ್ರಷ್ಟನಾದ ದೊರೆಯು ಕಾಶಿಯಲ್ಲಿ ಬಹುಕಾಲವಿದ್ದು, 1852ರಲ್ಲಿ ಮಗಳಾದ ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋಗಿ, ಕುಂಪಣಿಯವರಲ್ಲಿದ್ದ ತನ್ನ ವಂಶದ ಹಣಕ್ಕಾಗಿ ವ್ಯಾಜ್ಯಮಾಡುತ್ತ 1859ರಲ್ಲಿ ಲಂಡನ್ನಿನಲ್ಲಿಯೇ ಮಡಿದನು. ಜಂಗಮವೇಷದ ಪುರುಷನ ವಂಶದಲ್ಲಿ ಹುಟ್ಟಿದ ಗೌರಮ್ಮನು ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರೈಸ್ತಮತಕ್ಕೆ ಸೇರಿದಳು.

ಜಂಗಮನೆಂದು ನಂಬಿ ಒಂದು ನಾಡು ಧಾನ್ಯವನ್ನು ತಂದು ಒಪ್ಪಿಸಿತು. ಎರಡು ಶತಮಾನಗಳ ಬಳಿಕ ಅದೇ ನಾಡಿನ ದಿವಾನನು ಕೋಟೆಯ ಬಾಗಿಲಿಗೆ ಪರರನ್ನು ಕರೆತಂದನು. ಈ ಎರಡರ ನಡುವೆ ಕಳೆದುಹೋದುದು ನಂಬಿಕೆಯೊಂದೇ. ಒಪ್ಪಿಸಿದುದನ್ನು ಪರರ ಸೊತ್ತೆಂದು ಕಾಯದೆ ಸ್ವಂತದ್ದೆಂದು ಬಗೆಯುವವನು, ದೊರೆಯಾಗಲಿ, ಅಧಿಕಾರಿಯಾಗಲಿ, ಗುರುಪೀಠದಲ್ಲಿ ಕುಳಿತವನೇ ಆಗಲಿ, ಲಿಂಗರಾಜನು ಹಿಡಿದ ದಾರಿಯನ್ನೇ ಹಿಡಿದವನೆಂದು ತಿಳಿಯತಕ್ಕದ್ದು.