ಕನ್ನಡಕದೊಳಗಿನ ಬಣ್ಣ



ನಿಮ್ಮಲ್ಲಿ ಕನ್ನಡಕ ಹಾಕುವವರಿದ್ದರೆ ಈಗಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಹಗಲು ಬೆಳಕಿಗೆ ಎದುರಾಗಿರುವ ಕಿಟಕಿಯ ಸರಳೊಂದನ್ನು ದಿಟ್ಟಿಸಿ. ಆಮೇಲೆ ದೃಷ್ಟಿಯನ್ನು ಸರಳಿನ ಮೇಲೆಯೇ ಇಟ್ಟು ಮುಖವನ್ನು ಮಾತ್ರ ಒಂದು ಪಕ್ಕಕ್ಕೆ ತಿರುಗಿಸಿ. ಸರಳು ಈಗ ಗಾಜಿನ ನಡುವಿನಿಂದಲ್ಲ, ಅಂಚಿನಿಂದ ಕಾಣಬೇಕು. ಅದರ ಒಂದು ಮಗ್ಗುಲಿಗೆ ನೀಲಿಯ ಎಳೆ, ಇನ್ನೊಂದು ಮಗ್ಗುಲಿಗೆ ಕಿತ್ತಳೆಯ ಎಳೆ ಕಾಣುತ್ತದೆ. ಮುಖವನ್ನು ಆಚೆ ಪಕ್ಕಕ್ಕೆ ತಿರುಗಿಸಿದರೆ ಆ ಎರಡು ಬಣ್ಣಗಳೂ ಜಾಗ ಬದಲಿಸುತ್ತವೆ. ಪವರ್ ಹೆಚ್ಚಿದ್ದವರಿಗೆ ಇದು ಚೆನ್ನಾಗಿ ಕಾಣುತ್ತದೆ, ಕಡಿಮೆ ಇದ್ದವರು ತುಸು ಹುಡುಕಬೇಕು.

ಸರಳಿಗೆ ಯಾರೂ ಆ ಬಣ್ಣ ಬಳಿದಿಲ್ಲ, ಅದು ಕನ್ನಡಕದ್ದು. ಇಷ್ಟು ವರ್ಷ ಅದನ್ನು ಮೂಗಿನ ಮೇಲೆ ಹೊತ್ತುಕೊಂಡೇ ನಾವು ಸೀರೆ ಆರಿಸಿದ್ದೇವೆ, ಮೆಣಸಿನಕಾಯಿ ಹಣ್ಣಾಯಿತೇ ಎಂದು ನೋಡಿದ್ದೇವೆ, ಮಗುವಿನ ಕಣ್ಣು ಹಳದಿಯಾಗಿದೆಯೇ ಎಂದು ಪರೀಕ್ಷಿಸಿದ್ದೇವೆ. ಆದರೂ ಈ ಎಳೆಗಳು ನಮ್ಮ ಗಮನಕ್ಕೆ ಬಂದಿಲ್ಲ. ಏಕೆ ಬರಲಿಲ್ಲ, ಎಂಥ ಸಂದರ್ಭದಲ್ಲಿ ಬಂದೇ ಬರುತ್ತದೆ ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಮೊದಲು ಹೆಸರಿನ ಮಾತು. ಕನ್ನಡಕಕ್ಕೂ ಕನ್ನಡಕ್ಕೂ ನೆಂಟಸ್ತನವಿಲ್ಲ. ಅದು ಕನ್ನಡಿಯ ಬಳಗಕ್ಕೆ ಸೇರಿದ ಶಬ್ದ. ಆದರೆ ಗಡಿಯಲ್ಲಿರುವ ನಮಗೆ ಇಲ್ಲೊಂದು ತಮಾಷೆ ಸಿಗುತ್ತದೆ. ಕಾಸರಗೋಡಿನ ಮಲಯಾಳದ ನೆರೆಯವರು ಇದನ್ನು ‘ಕಣ್ಣಡ’ ಎನ್ನುತ್ತಾರೆ. ಹೊಸೂರು, ತಾಳವಾಡಿಯ ತಮಿಳರಿಗೆ ಇದು ‘ಮೂಕ್ಕು ಕಣ್ಣಾಡಿ’, ಅಂದರೆ ಮೂಗಿನ ಕನ್ನಡಿ. ಆದವಾನಿ, ರಾಯದುರ್ಗದ ಕಡೆ ತೆಲುಗಿನಲ್ಲಿ ‘ಕಳ್ಳದ್ದಾಲು’. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಲ್ಲಿ ಮರಾಠಿಯ ‘ಚಷ್ಮಾ’ ನಮ್ಮ ಮಾತಿನಲ್ಲೂ ಕಲೆತುಹೋಗಿದೆ. ನಲವತ್ತಕ್ಕೆ ಬರುವ ‘ಚಾಳೀಸು’ ಮಾತ್ರ ಎಲ್ಲ ಕಡೆಯ ಹಿರಿಯರಿಗೂ ಗೊತ್ತು.

ಕನ್ನಡಕ ಹುಟ್ಟಿದ್ದು ಇಟಲಿಯಲ್ಲಿ, 1280ರ ದಶಕದ ಸುಮಾರಿಗೆ. 1306ರಲ್ಲಿ ಅಲ್ಲಿನ ಒಬ್ಬ ಪಾದ್ರಿ ತನ್ನ ಪ್ರವಚನದಲ್ಲಿ, ಈ ಕಲೆ ಕೈಸೇರಿ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲ ಎಂದು ಹೇಳಿದ್ದು ದಾಖಲಾಗಿದೆ. ನಮ್ಮ ಕಡೆಗೆ ಅದು ಬಂದ ಹಳೆಯ ಸುಳಿವು ವಿಜಯನಗರದ್ದು. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಕೃತಿಯಲ್ಲಿ ವ್ಯಾಸರಾಯರ ‘ಉಪಲೋಚನಗೋಲಕ’ದ ಪ್ರಸ್ತಾಪವಿದೆ. ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು ಇದನ್ನು ಕನ್ನಡಕವೆಂದೇ ಗುರುತಿಸಿದರು. ವ್ಯಾಸರಾಯರು ತೀರಿಕೊಂಡದ್ದು 1539ರಲ್ಲಿ. ಅಂದರೆ ಹಂಪೆಯಲ್ಲಿ ಓಲೆಗರಿಯ ಮೇಲೆ ಗಾಜು ಹಿಡಿದು ಸುಮಾರು ಐನೂರು ವರ್ಷವಾಯಿತು.

ಗಾಜು ಬಣ್ಣವನ್ನು ಏನು ಮಾಡುತ್ತದೆ ಎಂದು ಬಿಡಿಸಿ ತೋರಿಸಿದವನು ನ್ಯೂಟನ್. ಬಿಳಿ ಬೆಳಕು ಮೂರು ಮೂಲೆಯ ಗಾಜಿನೊಳಗೆ ಹಾದಾಗ ಒಂದೊಂದು ಬಣ್ಣವೂ ಒಂದೊಂದು ಪ್ರಮಾಣದಲ್ಲಿ ಬಾಗುತ್ತದೆ, ನೇರಳೆ ಹೆಚ್ಚು, ಕೆಂಪು ಕಡಿಮೆ ಎಂದು ಅವನು 1672ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಕನ್ನಡಕದ ಮಸೂರದ ಅಂಚು ಎಂದರೆ ಅದೇ ಮೂರು ಮೂಲೆಯ ಗಾಜಿನ ಒಂದು ತುಣುಕು. ನಡುವಿನಿಂದ ನೋಡಿದಾಗ ಬಣ್ಣ ಚೆದುರುವುದಿಲ್ಲ, ಅಂಚಿಗೆ ಹೋದಂತೆ ಚೆದುರುತ್ತದೆ. ನೀವು ಈಗ ಸರಳಿನಲ್ಲಿ ಕಂಡದ್ದು ಇದನ್ನೇ. ಮಸೂರಗಳಿಂದ ಈ ದೋಷವನ್ನು ಕಳೆಯಲು ಸಾಧ್ಯವಿಲ್ಲವೆಂದು ನ್ಯೂಟನ್ ಕೈಬಿಟ್ಟ. ದೂರದರ್ಶಕಕ್ಕೆ ಮಸೂರದ ಬದಲು ಕನ್ನಡಿಯನ್ನೇ ಕೂರಿಸಿದ.

ಅಷ್ಟು ದೊಡ್ಡವನು ಆಗುವುದಿಲ್ಲವೆಂದದ್ದನ್ನು ಒಬ್ಬ ವಕೀಲನೂ ಒಬ್ಬ ನೇಕಾರನೂ ಆಗಮಾಡಿದರು. ಚೆಸ್ಟರ್ ಮೂರ್ ಹಾಲ್ ಎಂಬ ವಕೀಲ 1730ರ ದಶಕದಲ್ಲಿ ಎರಡು ಬೇರೆ ಬೇರೆ ಜಾತಿಯ ಗಾಜಿನ ಮಸೂರಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಚೆದುರಿಸಿದ ಬಣ್ಣವನ್ನು ಇನ್ನೊಂದು ಕೂಡಿಸುತ್ತದೆ ಎಂದು ಕಂಡುಕೊಂಡ. ಗುಟ್ಟು ಬಯಲಾಗಬಾರದೆಂದು ಎರಡು ಮಸೂರಗಳನ್ನು ಇಬ್ಬರು ಬೇರೆ ಬೇರೆ ಕುಶಲಕರ್ಮಿಗಳಿಗೆ ಒಪ್ಪಿಸಿದ. ಆ ಇಬ್ಬರೂ ಕೆಲಸವನ್ನು ಒಬ್ಬನೇ ಮೂರನೆಯವನಿಗೆ ದಾಟಿಸಿದರಂತೆ! ಕೊನೆಗೆ 1758ರಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ಜಾನ್ ಡೊಲಂಡ್. ಲಂಡನ್ನಿನ ರೇಷ್ಮೆ ನೇಕಾರರ ಮನೆತನದವನು, ತಾನೂ ಬಹುಕಾಲ ಮಗ್ಗ ನಡೆಸಿ ಆಮೇಲೆ ಮಗನ ಗಾಜಿನ ಅಂಗಡಿಗೆ ಸೇರಿದವನು. ಸೊಲ್ಲಾಪುರದ ಮಗ್ಗದವರು ಈ ಹೆಸರನ್ನು ನೆನಪಿಟ್ಟುಕೊಂಡರೆ ತಪ್ಪಿಲ್ಲ.

ಈ ಜೋಡಿ ಮಸೂರ ದೂರದರ್ಶಕಕ್ಕೆ ಬಂತು, ಸೂಕ್ಷ್ಮದರ್ಶಕಕ್ಕೆ ಬಂತು, ಕ್ಯಾಮೆರಾಕ್ಕೂ ಬಂತು. ದಿನಬಳಕೆಯ ಕನ್ನಡಕಕ್ಕೆ ಮಾತ್ರ ಬರಲಿಲ್ಲ. ಎರಡೆರಡು ಗಾಜನ್ನು ಮೂಗು ಹೊರಲಾರದು. ಹೀಗಾಗಿ ನ್ಯೂಟನ್ ಕಂಡ ದೋಷ ನಮ್ಮ ಕನ್ನಡಕದಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ಯಾವ ಗಾಜು ಬಣ್ಣವನ್ನು ಎಷ್ಟು ಚೆದುರಿಸುತ್ತದೆ ಎಂಬುದಕ್ಕೆ ಜರ್ಮನಿಯ ಎರ್ನ್‌ಸ್ಟ್ ಅಬ್ಬೆಯ ಹೆಸರಿನಲ್ಲಿ ಒಂದು ಅಂಕಿ ಇದೆ. ಅಂಕಿ ದೊಡ್ಡದಾದಷ್ಟೂ ಚೆದುರುವುದು ಕಡಿಮೆ. ಹಳೆಯ ಮಾಮೂಲಿ ಗಾಜಿಗೆ ಅದು ಸುಮಾರು 59, ಸಾಧಾರಣ ಪ್ಲಾಸ್ಟಿಕ್ ಮಸೂರಕ್ಕೆ 58, ಬಿದ್ದರೂ ಒಡೆಯುವುದಿಲ್ಲವೆಂದು ಮಾರುವ ಪಾಲಿಕಾರ್ಬೊನೇಟಿಗೆ 30. ಮಕ್ಕಳಿಗೆ, ಗಾಡಿ ಓಡಿಸುವವರಿಗೆ ಒಡೆಯದ ಮಸೂರವೇ ಒಳ್ಳೆಯದು, ನಿಜ. ಆದರೆ ಹೆಚ್ಚು ಪವರ್ ಇದ್ದವರು ಅಂಚಿನಲ್ಲಿ ಬಣ್ಣ ಕಾಣುತ್ತದೆ ಎಂದರೆ ಅಂಗಡಿಯವನು ಅದನ್ನು ಭ್ರಮೆ ಎನ್ನುವಂತಿಲ್ಲ.

ಹಾಗಾದರೆ ನಮಗೇಕೆ ಅದು ದಿನವೂ ಕಾಣುವುದಿಲ್ಲ? ಇದರ ಉತ್ತರ ಆಸ್ಟ್ರಿಯಾದ ಇನ್ಸ್‌ಬ್ರುಕ್ ಎಂಬ ಊರಿನಿಂದ ಬಂತು. ಅಲ್ಲಿ ಥಿಯೊಡೊರ್ ಎರಿಸ್ಮಾನ್ ಮತ್ತು ಅವರ ಶಿಷ್ಯ ಈವೊ ಕೋಲರ್ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ವಿಚಿತ್ರವಾದ ಕನ್ನಡಕಗಳನ್ನು ಮಾಡಿಸಿ ವಾರಗಟ್ಟಲೆ ಹಾಕಿಸಿದರು. ಮೂರು ಮೂಲೆಯ ಗಾಜು ಕೂರಿಸಿದ ಕನ್ನಡಕ ಹಾಕಿಕೊಂಡವರಿಗೆ ಮೊದಲು ಪ್ರತಿ ಅಂಚಿಗೂ ಕಾಮನಬಿಲ್ಲು ಕಂಡಿತು. ದಿನ ಕಳೆದಂತೆ ಅದು ಮಾಸಿಹೋಯಿತು. ಕನ್ನಡಕ ತೆಗೆದಾಗ ಆಶ್ಚರ್ಯ! ಬರಿಗಣ್ಣಿಗೆ ಅದೇ ಕಾಮನಬಿಲ್ಲು ತಿರುವುಮುರುವಾಗಿ ಕಂಡಿತು. ಅಂದರೆ ಗಾಜು ಕೂಡಿಸಿದ ಬಣ್ಣವನ್ನು ಕಣ್ಣು ಮತ್ತು ಮಿದುಳು ಸದ್ದಿಲ್ಲದೆ ಕಳೆಯುತ್ತಿದ್ದವು. ಇನ್ನೊಂದು ಕನ್ನಡಕದಲ್ಲಿ ಪ್ರತಿ ಗಾಜಿನ ಎಡ ಅರ್ಧ ನೀಲಿ, ಬಲ ಅರ್ಧ ಹಳದಿ. ಅದೂ ಕೆಲವು ವಾರಗಳಲ್ಲಿ ರೂಢಿಯಾಯಿತು. ಎಡಕ್ಕೆ ನೋಡುವಾಗ ಒಂದು ಲೆಕ್ಕ, ಬಲಕ್ಕೆ ನೋಡುವಾಗ ಇನ್ನೊಂದು ಲೆಕ್ಕ! ನಮ್ಮ ಸಂತೆಯ ವ್ಯಾಪಾರಿಗಳು ಎರಡು ಭಾಷೆಗಳಲ್ಲಿ ಒಟ್ಟಿಗೆ ಲೆಕ್ಕ ಹೇಳುವುದನ್ನು ಕಂಡವರಿಗೆ ಇದು ಅಷ್ಟೇನೂ ನಂಬಲಾರದ ಸಂಗತಿಯಲ್ಲ.

ಹೊಸ ಕನ್ನಡಕ ಬಂದ ಮೊದಲ ವಾರದ ಇರಿಸುಮುರಿಸು, ಆಮೇಲಿನ ನಿರಾಳ ಎರಡಕ್ಕೂ ಕಾರಣ ಇದೇ ಲೆಕ್ಕ. ಆದರೆ ಕಣ್ಣಿನ ಈ ಲೆಕ್ಕಕ್ಕೂ ಮಿತಿ ಉಂಟು. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ ಅದನ್ನು ಅನುಭವಿಸಿದ ರೀತಿ ದಾರುಣವಾದುದು.

ಅದಕ್ಕೆ ಮುನ್ನ ಒಂದು ಮಾತು ತಿಳಿದಿರಬೇಕು. ಕನ್ನಡಕ ಹಾಕದವರೂ ಒಂದು ಹಳದಿ ಗಾಜನ್ನು ಕಣ್ಣಿನೊಳಗೇ ಧರಿಸಿರುತ್ತಾರೆ. ಅದೇ ಕಣ್ಣಿನ ಸಹಜ ಮಸೂರ. ಎಳೆಯ ವಯಸ್ಸಿನಲ್ಲಿ ತಿಳಿಯಾಗಿದ್ದದ್ದು ವರ್ಷ ಕಳೆದಂತೆ ಹಳದಿಯಾಗುತ್ತದೆ, ಪೊರೆ ಬಂದಾಗ ಕಂದಾಗುತ್ತದೆ. ನೀಲಿ, ನೇರಳೆ ಬೆಳಕು ಒಳಕ್ಕೆ ಬರುವುದು ಕಡಿಮೆಯಾಗುತ್ತ ಹೋಗುತ್ತದೆ. ಇದು ದಶಕಗಳ ಕಾಲ ನಿಧಾನವಾಗಿ ನಡೆಯುವುದರಿಂದ ಮಿದುಳು ಹೊಂದಿಸಿಕೊಂಡು ಬಿಳಿಯನ್ನು ಬಿಳಿ ಎಂದೇ ತೋರಿಸುತ್ತಿರುತ್ತದೆ.

ಮೊನೆ ಹುಟ್ಟಿದ್ದು 1840ರಲ್ಲಿ. ಬೆಳಕು, ನೀರು, ಅದರ ಮೇಲಿನ ನೈದಿಲೆ, ಇವೇ ಅವರ ಜೀವಮಾನದ ವಿಷಯ. 1912ರಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ವೈದ್ಯರು ಹೇಳಿದರು. ಶಸ್ತ್ರಚಿಕಿತ್ಸೆಗೆ ಹೆದರಿ ಹತ್ತು ವರ್ಷ ಮುಂದೂಡಿದರು. ಆ ವರ್ಷಗಳಲ್ಲಿ ಜಿವರ್ನಿಯ ತೋಟದ ಜಪಾನಿ ಸೇತುವೆಯ ಚಿತ್ರಗಳು ಕೆಂಪು ಕಂದು ಬಣ್ಣದಲ್ಲಿ ಮುಳುಗಿದವು. ಬಣ್ಣದ ಕೊಳವೆಗಳನ್ನು ಕಣ್ಣಿನಿಂದ ಗುರುತಿಸಲಾಗದೆ ಅವುಗಳ ಮೇಲಿನ ಹೆಸರಿನ ಚೀಟಿಯನ್ನೂ ತಟ್ಟೆಯಲ್ಲಿ ಬಣ್ಣ ಇಡುವ ಕ್ರಮವನ್ನೂ ನಂಬಿ ಕುಂಚ ಹಿಡಿದರು. 1922ರ ಹೊತ್ತಿಗೆ ಬಲಗಣ್ಣಿಗೆ ಬೆಳಕು ಇದೆಯೋ ಇಲ್ಲವೋ ಎಂಬಷ್ಟೇ ತಿಳಿಯುತ್ತಿತ್ತು. ಇತ್ತ ನೈದಿಲೆಯ ದೊಡ್ಡ ಫಲಕಗಳನ್ನು ದೇಶಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು. ಹಿಂದೆ ಪ್ರಧಾನಿಯಾಗಿದ್ದ ಗೆಳೆಯ ಕ್ಲೆಮಾನ್ಸೊ, ತಾನೇ ವೈದ್ಯಶಾಸ್ತ್ರ ಓದಿದವರು, ಕಣ್ಣು ತೋರಿಸಿಕೊಳ್ಳಲು ಹಟ ಹಿಡಿದರು.

1923ರ ಜನವರಿಯಲ್ಲಿ ಡಾಕ್ಟರ್ ಕುಟೆಲಾ ಬಲಗಣ್ಣಿನ ಪೊರೆ ತೆಗೆದರು. ಮರಳಚೀಲಗಳ ನಡುವೆ ತಲೆ ಇಟ್ಟು ದಿನಗಟ್ಟಲೆ ಅಲುಗದೆ ಮಲಗಬೇಕಾಗಿದ್ದ ಕಾಲ ಅದು. ಜುಲೈಯಲ್ಲಿ ಮತ್ತೊಮ್ಮೆ ಕಣ್ಣು ಕೊಯ್ಯಬೇಕಾಯಿತು. ತೆಗೆದ ಮಸೂರದ ಜಾಗದಲ್ಲಿ ಬೇರೇನೂ ಇಲ್ಲ, ಅದರ ಕೆಲಸವನ್ನೆಲ್ಲ ದಪ್ಪ ಕನ್ನಡಕವೇ ಮಾಡಬೇಕು. ಅಂಥ ಕನ್ನಡಕ ವಸ್ತುಗಳನ್ನು ಕಾಲುಭಾಗದಷ್ಟು ಹಿಗ್ಗಿಸಿ ತೋರಿಸುತ್ತದೆ, ಗೆರೆಗಳನ್ನು ಬಾಗಿಸುತ್ತದೆ, ಅಂಚಿನಲ್ಲಿ ಬಣ್ಣ ಚೆದುರಿಸುತ್ತದೆ. ಅದಕ್ಕಿಂತ ಮಿಗಿಲಾಗಿ, ಇಷ್ಟು ವರ್ಷ ತಡೆದಿದ್ದ ನೀಲಿ ಈಗ ಒಮ್ಮೆಗೇ ಒಳನುಗ್ಗಿತು. ಮೊದಲು ಎಲ್ಲವೂ ಹಳದಿ ಎಂದು ದೂರಿದ್ದ ಮುದುಕರು ಈಗ ಎಲ್ಲವೂ ನೀಲಿ ಎಂದು ಗೋಳಾಡಿದರು. ತಟ್ಟೆಯಲ್ಲಿ ಕೆಂಪು, ಹಳದಿ ಇವೆಯೆಂದು ಗೊತ್ತು, ಆದರೆ ಅವು ಹಿಂದಿನಂತೆ ಕಾಣುತ್ತಿಲ್ಲ! ಸಿಟ್ಟಿನಿಂದ ಕೆಲವು ಚಿತ್ರಗಳನ್ನು ಹಾಳುಗೆಡವಿದರು. ವೈದ್ಯರು ಬಣ್ಣದ ಗಾಜಿನ ಕನ್ನಡಕಗಳನ್ನು ಒಂದರ ಮೇಲೊಂದು ಪ್ರಯೋಗಿಸಿದರು. ಎಡಗಣ್ಣಿನಲ್ಲಿ ಇನ್ನೂ ಪೊರೆ ಇದ್ದದ್ದರಿಂದ ಎರಡು ಕಣ್ಣುಗಳೂ ಎರಡು ಲೋಕ ತೋರಿಸುತ್ತಿದ್ದವು. ಕೆಲಸ ಮಾಡುವಾಗ ಎಡಗಣ್ಣನ್ನು ಮುಚ್ಚಬೇಕಾಯಿತು. ಆ ಕಣ್ಣಿನ ಶಸ್ತ್ರಚಿಕಿತ್ಸೆಗೆ ಅವರು ಕೊನೆಯವರೆಗೂ ಒಪ್ಪಲಿಲ್ಲ. ಅವರ ಮನೆಯನ್ನು ಗುಲಾಬಿ ತೋಟದ ಕಡೆಯಿಂದ ಬರೆದ ಚಿತ್ರಗಳಲ್ಲಿ ಕೆಲವು ಕೆಂಪಗೆ, ಕೆಲವು ನೀಲಿಯಾಗಿರುವುದು ಯಾವ ಕಣ್ಣಿನಿಂದ ನೋಡಿ ಬರೆದರು ಎಂಬುದರಿಂದ ಎಂದು ಕಣ್ಣಿನ ವೈದ್ಯರು ಹೇಳುವುದುಂಟು.

1924ರಲ್ಲಿ ಡಾಕ್ಟರ್ ಮಾವಾಸ್ ಜರ್ಮನಿಯ ಝೈಸ್ ಕಾರ್ಖಾನೆಯ ಮಸೂರದ ಹೊಸ ಕನ್ನಡಕ ಕೊಡಿಸಿದರು. ಗಾಜಿನ ಲೆಕ್ಕ ಹಾಕಿದ ಆ ಅಬ್ಬೆ ದುಡಿದದ್ದೂ ಇದೇ ಕಾರ್ಖಾನೆಯಲ್ಲಿ. ನಿಧಾನವಾಗಿ ಕಣ್ಣು ಹೊಂದಿಕೊಂಡಿತು. 1925ರ ಬೇಸಿಗೆಯಲ್ಲಿ ಮೊನೆ ಮತ್ತೆ ಉತ್ಸಾಹದಿಂದ ಕೆಲಸಕ್ಕಿಳಿದರು. 1926ರ ಡಿಸೆಂಬರಿನಲ್ಲಿ ತೀರಿಕೊಂಡರು. ನೈದಿಲೆಯ ಫಲಕಗಳನ್ನು 1927ರ ಮೇ ತಿಂಗಳಲ್ಲಿ ಪ್ಯಾರಿಸಿನ ಒರಾಂಜರಿಯಲ್ಲಿ ಜನರ ನೋಟಕ್ಕೆ ತೆರೆಯಲಾಯಿತು. ಸಾಮಾನ್ಯನಾದರೆ ಎರಡು ವರ್ಷ ಹೇಗೋ ಕಳೆದುಹೋಗುತ್ತಿತ್ತು. ಬಣ್ಣವೇ ಬದುಕಾದವನಿಗೆ ಆ ಎರಡು ವರ್ಷ ನರಕವಾಯಿತು ಎಂದು ನನಗನಿಸುತ್ತದೆ.

ಇದು ದೂರದ ಕಥೆಯಲ್ಲ. ಬೀಳಗಿಯಿಂದ ಬಂದು ಊರೂರಿಗೆ ಕಣ್ಣಿನ ಶಿಬಿರ ಒಯ್ದ ಡಾ. ಎಂ. ಸಿ. ಮೋದಿಯವರ ಕಾಲದಿಂದ ನಮ್ಮ ಅಜ್ಜ ಅಜ್ಜಿಯರು ಪೊರೆ ತೆಗೆಸಿಕೊಂಡು ಹಾಕಿಕೊಳ್ಳುತ್ತಿದ್ದ ಸೋಡಾಬುಡ್ಡಿ ಕನ್ನಡಕ ಮೊನೆ ಹಾಕಿದ್ದರ ಜಾತಿಯದೇ. ಕಣ್ಣೊಳಗೇ ಕೃತಕ ಮಸೂರ ಕೂರಿಸುವುದನ್ನು ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ಲಂಡನ್ನಿನಲ್ಲಿ ಮಾಡಿ ತೋರಿಸಿದ್ದರು. ಬಡವರ ಕೈಗೆಟಕುವ ಬೆಲೆಯಲ್ಲಿ ಅದು ಸಿಗತೊಡಗಿದ್ದು ಮಧುರೆಯಲ್ಲಿ 1992ರಲ್ಲಿ ಆರೋಲ್ಯಾಬ್ ಆರಂಭವಾದ ಮೇಲೆ. 1994ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ನಡೆದ ಪೊರೆ ನಿವಾರಣಾ ಯೋಜನೆಯ ಏಳು ರಾಜ್ಯಗಳಲ್ಲಿ ಮಹಾರಾಷ್ಟ್ರ, ಆಂಧ್ರ, ತಮಿಳುನಾಡು ಸೇರಿದ್ದವು. ಹಾಗೆ ನಮ್ಮ ಗಡಿಯೂರುಗಳ ಎಷ್ಟೋ ಹಿರಿಯರು ಆ ದಪ್ಪ ಗಾಜಿನಿಂದ ಪಾರಾದರು.

ದಪ್ಪ ಗಾಜು ಹೋದರೂ ನೀಲಿ ಹೋಗಲಿಲ್ಲ. ಇಂದಿಗೂ ಪೊರೆ ತೆಗೆಸಿಕೊಂಡವರಲ್ಲಿ ಹಲವರು ಎಲ್ಲವೂ ನೀಲಿಯಾಗಿ ಕಾಣುತ್ತದೆ ಎಂದು ಗಾಬರಿಯಾಗುತ್ತಾರೆ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಹಿಡಿದು ಅದು ತಾನಾಗಿ ಸರಿಹೋಗುತ್ತದೆ. ಇದನ್ನು ವೈದ್ಯರಿಗೆ ಹೇಳಲು ಭಾಷೆ ಬಾರದೆಂದು ಸುಮ್ಮನಿರಬೇಡಿ. ‘ನೀಲಿ’ ಎಂದರೆ ಮಲಯಾಳ, ತಮಿಳು, ತೆಲುಗು, ಮರಾಠಿ ಯಾವ ವೈದ್ಯರಿಗೂ ತಿಳಿಯುತ್ತದೆ, ಶಬ್ದ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ‘ಪಚ್ಚೆ’ ಎನ್ನುವಾಗ ಮಾತ್ರ ಎಚ್ಚರ. ತಮಿಳು, ಮಲಯಾಳದಲ್ಲಿ ಅದು ಹಸಿರು, ತೆಲುಗಿನ ‘ಪಚ್ಚ’ ಹಳದಿಯೂ ಆಗಬಹುದು! ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಂಡು ಜೊತೆಗೆ ಕಣ್ಣು, ತಲೆ ನೋಯುತ್ತಿದ್ದರೆ ಅದು ಕನ್ನಡಕದ ಆಟವಲ್ಲ. ಕಣ್ಣಿನೊಳಗಿನ ಒತ್ತಡ ಏರಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಅಂಗಡಿಯ ಹೊಸ ಸರಕಿನ ಬಗ್ಗೆಯೂ ಎರಡು ಮಾತು. ಮೊಬೈಲಿನ ನೀಲಿ ಬೆಳಕು ತಡೆಯುತ್ತದೆಂದು ಮಾರುವ ಮಸೂರಗಳಲ್ಲಿ ಹಲವು ಬಿಳಿಯನ್ನು ತುಸು ಹಳದಿಯಾಗಿಸುತ್ತವೆ. ಅವುಗಳಿಂದ ಕಣ್ಣಿನ ಆಯಾಸ ಕಡಿಮೆಯಾಗುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲವೆಂದು 2023ರ ಕೊಕ್ರೇನ್ ಪರಿಶೀಲನೆ ಹೇಳಿದೆ. ದುಡ್ಡು ಉಳಿಸಿಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ. ಬಣ್ಣಗುರುಡು ಇದ್ದವರಿಗೆಂದು ಮಾರುವ ಬಣ್ಣದ ಕನ್ನಡಕಗಳು ಕೆಲವು ಬಣ್ಣಗಳ ವ್ಯತ್ಯಾಸವನ್ನು ಎತ್ತಿ ತೋರಿಸಬಲ್ಲವು, ಸಹಜ ದೃಷ್ಟಿ ಕೊಡಲಾರವು. ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನೇ ಕಂಡರು. ರೈಲ್ವೆ ಕೆಲಸದ ಆಸೆಗೆ ಹುಡುಗರು ಸಾಲ ಮಾಡಿ ಅದನ್ನು ಕೊಳ್ಳುವುದು ಬೇಡ.

ನಿಮ್ಮ ಮನೆಯಲ್ಲಿ ಒಂದು ಕಣ್ಣಿಗೆ ಮಾತ್ರ ಪೊರೆ ತೆಗೆಸಿಕೊಂಡ ಹಿರಿಯರಿದ್ದರೆ, ಕಣ್ಣು ಮಾಯ್ದ ಮೇಲೆ, ಒಗೆದು ಒಣಹಾಕಿದ ಬಿಳಿ ಪಂಚೆಯನ್ನು ಬಿಸಿಲಿನಲ್ಲಿ ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ. ಒಂದು ಕಣ್ಣಿಗೆ ಅದು ನೀಲಿ ಅದ್ದಿದ ಬಿಳಿ, ಇನ್ನೊಂದಕ್ಕೆ ಹಳೆಯ ಕಾಗದದ ಬಿಳಿ.