ಅಷ್ಟಮಂಗಲದ ಅಂಕೆಗಳು

ಇಟಲಿಯಲ್ಲಿ 15ನೆಯ ಶತಮಾನದಲ್ಲಿ ಆಟಕ್ಕಾಗಿ ಹುಟ್ಟಿದ ಟ್ಯಾರೊ ಎಲೆಗಳಿಗೆ ಭವಿಷ್ಯಾರ್ಥವನ್ನು ಕಲ್ಪಿಸಿ ಪ್ರಚುರಪಡಿಸಿದವರು 18ನೆಯ ಶತಮಾನದ ಫ್ರೆಂಚರು. ನಂತೂರಿನ ಸುತ್ತಣ ತುಳುನಾಡಿನಲ್ಲಿ ದೇವಸ್ಥಾನ, ದೈವಸ್ಥಾನಗಳ ಜೀರ್ಣೋದ್ಧಾರಕ್ಕೆ ಮುನ್ನ ಇಡಿಸುವ ಅಷ್ಟಮಂಗಲ ಪ್ರಶ್ನೆಯ ಗಣಿತವಾದರೋ ಇದಕ್ಕಿಂತ ಹಳೆಯದು, ಕ್ರಿ. ಶ. 1649ರ ‘ಪ್ರಶ್ನಮಾರ್ಗ’ದಲ್ಲಿಯೇ ಅದರ ವಿಧಿಯುಂಟು.

ದೈವಜ್ಞನು 108 ಕವಡೆಗಳನ್ನು ಎಣಿಸದೆ ಮೂರು ರಾಶಿ ಮಾಡಿ, ಒಂದೊಂದನ್ನೂ ಎಂಟರಿಂದ ಭಾಗಿಸುವನು. ಉಳಿದ ಶೇಷವೇ ಅಂಕೆ, ಶೇಷವಿಲ್ಲದಲ್ಲಿ ಎಂಟು. ರವಿ, ಕುಜ, ಗುರು, ಬುಧ, ಶುಕ್ರ, ಶನಿ, ಚಂದ್ರ, ರಾಹು ಎಂಬುದು ಒಂದರಿಂದ ಎಂಟರವರೆಗಿನ ಗ್ರಹಕ್ರಮ. ಇದು ವಾರಗಳ ಕ್ರಮವಲ್ಲವೆಂಬುದನ್ನು ವಾಚಕರು ಗಮನಿಸತಕ್ಕದ್ದು. ಮೂರಂಕೆಗಳು ಭೂತ, ವರ್ತಮಾನ, ಭವಿಷ್ಯಗಳನ್ನು ಸೂಚಿಸುವುವು.

ಆದರೆ 108ನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು ನಾಲ್ಕೇ. ಆದಕಾರಣ ಮೂರಂಕೆಗಳ ಮೊತ್ತವು 4, 12, 20 ಇವುಗಳಲ್ಲೊಂದೇ ಆಗಬೇಕು. ಮೊದಲೆರಡು ಮೂರು, ಐದು ಆದರೆ ಮೂರನೆಯದು ನಾಲ್ಕಲ್ಲದೆ ಬೇರೆಯಾಗದು. 512 ಸಂಖ್ಯೆಗಳಲ್ಲಿ ಬರಬಲ್ಲವು 64 ಮಾತ್ರ. ಊರವರು ಉಸಿರು ಬಿಗಿಹಿಡಿದು ಕಾಯುವ ಆ ಕೊನೆಯ ಅಂಕೆಯು ಎರಡನೆಯ ರಾಶಿಯನ್ನು ಎಣಿಸಿದಾಗಲೇ ನಿಶ್ಚಿತವಾಗಿರುತ್ತದೆ.